ಒಂದು ಸ್ಟೇಟ್ ಗೆಲ್ಲೋದು ಹೇಗೆ? ಹೆಂಗಸರ ವೋಟಿಗಾಗಿ ಅಮೆರಿಕಾದಲ್ಲಿ ಕ್ಯಾಂಪೇನ್ ಕಟ್ಟಿದ್ದು, ದುಡ್ಡು ಕೂಡಿಸಿದ್ದು

ಹೊಸದಾಗಿ ಹಕ್ಕಿನ ಕೆಲಸಕ್ಕೆ ಇಳಿಯೋ ಹೆಣ್ಣುಮಕ್ಕಳು ನನ್ನ ಹತ್ರ ಕೇಳೋದು ಎರಡೇ ಪ್ರಶ್ನೆ, ಎಲ್ಲಿಂದ ಶುರು ಮಾಡೋದು ಅಕ್ಕ, ದುಡ್ಡಿಗೇನು ಮಾಡೋದು. ನಾನು ನಮ್ಮ ವಾರ್ಡಿನ ಹೆಂಗಸರ ಸಂಘದ ಜೊತೆ ವೋಟರ್ ಲಿಸ್ಟ್ ಹಿಡ್ಕೊಂಡು ಮನೆಮನೆ ತಿರುಗಿದವಳು, ನನ್ನ ಅನುಭವದಿಂದ ಒಂದಷ್ಟು ಹೇಳ್ಬಹುದು, ಆದ್ರೆ ಅಮೆರಿಕಾದ ಹೆಂಗಸರು ನೂರು ವರ್ಷದ ಹಿಂದೆ ಮಾಡಿ ತೋರಿಸಿದ್ದಕ್ಕಿಂತ ಒಳ್ಳೇ ಉತ್ತರ ನನಗೆ ಇನ್ನೂ ಎಲ್ಲೂ ಸಿಕ್ಕಿಲ್ಲ. ಅವರಿಗೆ ವೋಟು ಒಂದೇ ದಿನ ದೇಶಕ್ಕೆಲ್ಲ ಸಿಗಲಿಲ್ಲ, ಒಂದೊಂದೇ ಸ್ಟೇಟಲ್ಲಿ, ಅದೂ ವೋಟಿದ್ದ ಗಂಡಸರನ್ನ ಒಪ್ಪಿಸಿ ಒಪ್ಪಿಸಿ ತಗೊಂಡಿದ್ದು. ಕೊನೇ ಹಂತದಲ್ಲಿ ಲೀಡರ್ ಆಗಿದ್ದ ಕ್ಯಾರಿ ಚಾಪ್ಮನ್ ಕ್ಯಾಟ್ ಆಮೇಲೆ ಕೂತು ಲೆಕ್ಕ ಹಾಕಿದ್ರು: 52 ವರ್ಷದಲ್ಲಿ ಗಂಡಸರ ಮುಂದೆ ಜನಮತಕ್ಕೆ, ಅಂದ್ರೆ ನೇರವಾಗಿ ಹೌದು ಇಲ್ಲ ಅಂತ ವೋಟಿಗೆ, ಹೋದ ಕ್ಯಾಂಪೇನ್ 56, ವಿಷಯಾನ ಜನಮತಕ್ಕಾದ್ರೂ ಹಾಕಿ ಅಂತ ಸ್ಟೇಟ್ ಶಾಸನಸಭೆಗಳ ಬೆನ್ನು ಹತ್ತಿದ ಕ್ಯಾಂಪೇನ್ 480, ಸ್ಟೇಟ್ ಮಟ್ಟದ ಪಾರ್ಟಿ ಸಮಾವೇಶಗಳ ಬಾಗಿಲು ಬಡಿದಿದ್ದು 277 ಸಲ. ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ, ಆದ್ರೆ ಸೋತಾಗೆಲ್ಲ ಏನು ತಪ್ಪಾಯ್ತು ಅಂತ ಬರೆದಿಟ್ರು, ಹಾಗಾಗಿ ನಮಗೆ ಕಲಿಯೋಕೆ ಇಷ್ಟೊಂದಿದೆ.

ಮೊದಲು ಮಾಡ್ಬೇಕಾದ ಕೆಲಸ ಭಾಷಣ ಅಲ್ಲ, ಮೆರವಣಿಗೆನೂ ಅಲ್ಲ, ನಿಯಮ ಓದೋದು. ನಿಮ್ಮ ಸ್ಟೇಟಲ್ಲಿ ಈ ಹಕ್ಕು ಬದಲಾಗ್ಬೇಕು ಅಂದ್ರೆ ಯಾರು ಸಹಿ ಹಾಕ್ಬೇಕು, ಎಷ್ಟು ವೋಟು ಬೇಕು, ಎಷ್ಟು ವರ್ಷ ಹಿಡಿಯತ್ತೆ. ನ್ಯೂಯಾರ್ಕಲ್ಲಿ ತಿದ್ದುಪಡಿ ಒಂದಾದ ಮೇಲೊಂದು ಎರಡು ಶಾಸನಸಭೆಲಿ ಪಾಸಾಗಿ ಆಮೇಲೆ ಜನಮತಕ್ಕೆ ಹೋಗ್ಬೇಕಿತ್ತು, ಒಂದ್ಸಲ ಸೋತ್ರೆ ಮತ್ತೆ ಮೊದಲಿಂದ. ಮಿನ್ನೆಸೋಟಾದಲ್ಲಿ ತಿದ್ದುಪಡಿಗೆ ಬಿದ್ದ ವೋಟಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದ್ರೆ ಸಾಲದು, ಆ ಚುನಾವಣೆಲಿ ಬಿದ್ದ ಒಟ್ಟು ವೋಟಲ್ಲೇ ಅರ್ಧಕ್ಕಿಂತ ಜಾಸ್ತಿ ಬೇಕಿತ್ತು, ಅಂದ್ರೆ ಆ ಪ್ರಶ್ನೆಗೆ ಉತ್ತರಾನೇ ಬರೀದೆ ಎದ್ದು ಹೋದವನೂ ನಿಮ್ಮ ವಿರುದ್ಧ ವೋಟ್ ಹಾಕಿದ ಹಾಗೇ ಲೆಕ್ಕ. ನ್ಯೂ ಮೆಕ್ಸಿಕೋದ ಆಗಿನ ಸಂವಿಧಾನ ಇನ್ನೂ ಕಷ್ಟ, ಸ್ಟೇಟ್ ಪೂರ್ತಿ ನಾಲ್ಕರಲ್ಲಿ ಮೂರು ಪಾಲು, ಜೊತೆಗೆ ಪ್ರತಿ ಕೌಂಟಿಲೂ (ನಮ್ಮ ಜಿಲ್ಲೆ ಥರ) ಮೂರರಲ್ಲಿ ಎರಡು ಪಾಲು. ಇಂಥ ಕಡೆ ಜನಮತಕ್ಕೆ ಹೋಗಿ ದುಡ್ಡು, ಉಸಿರು ಎರಡೂ ಕಳ್ಕೊಳ್ಳೋದಕ್ಕಿಂತ ಬೇರೆ ದಾರಿ ಹುಡುಕ್ಬೇಕು.

ಇಲಿನಾಯ್ ಹೆಂಗಸರು ಅಂಥದ್ದೊಂದು ದಾರಿ ಹುಡುಕಿದ್ರು. ಅಧ್ಯಕ್ಷರನ್ನ ಆರಿಸೋ ಎಲೆಕ್ಟರುಗಳನ್ನ ಹೇಗೆ ಆಯ್ಕೆ ಮಾಡ್ಬೇಕು ಅಂತ ತೀರ್ಮಾನಿಸೋದು ಆಯಾ ಸ್ಟೇಟಿನ ಶಾಸನಸಭೆ ಅಂತ ದೇಶದ ಸಂವಿಧಾನದಲ್ಲೇ ಇದೆ, ಹಾಗಾದ್ರೆ ಸ್ಟೇಟ್ ಸಂವಿಧಾನ ತಿದ್ದದೇನೇ ಮಾಮೂಲಿ ಕಾನೂನಲ್ಲೇ ಹೆಂಗಸರಿಗೆ ಆ ವೋಟು ಕೊಡ್ಬಹುದಲ್ಲ ಅಂತ ಹಿಡ್ಕೊಂಡ್ರು. ಗ್ರೇಸ್ ವಿಲ್ಬರ್ ಟ್ರೌಟ್ ಮತ್ತೆ ಅವರ ಜೊತೆಗಾರ್ತಿಯರು ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಕಾರ್ಡ್ ಮಾಡಿ, ಅವನ ಊರು, ಅವನು ಯಾರ ಮಾತು ಕೇಳ್ತಾನೆ, ಹೋದ್ಸಲ ಏನಂದಿದ್ದ ಎಲ್ಲ ಬರೆದಿಟ್ಟು, ಸ್ಪೀಕರ್‌ಗೆ ಊರಿನ ಜನ ಒಬ್ಬರಾದ ಮೇಲೊಬ್ಬರು ಫೋನ್ ಮಾಡೋ ಹಾಗೆ ಏರ್ಪಾಡು ಮಾಡಿ, 1913ರಲ್ಲಿ ಪಾಸ್ ಮಾಡಿಸ್ಕೊಂಡ್ರು. ಪೂರ್ತಿ ಹಕ್ಕಲ್ಲ ಅದು, ಆದ್ರೆ ಆಮೇಲೆ ಎಷ್ಟೋ ಸ್ಟೇಟ್ ಅದೇ ದಾರಿ ಹಿಡಿದ್ವು.

ಇದು ಎಲ್ಲೋ ದೂರದ ಕಥೆ ಅನ್ಕೋಬೇಡಿ. ನಮ್ಮಲ್ಲೂ ಬ್ರಿಟಿಷರ 1919ರ ಕಾಯ್ದೆ ಹೆಂಗಸರ ವೋಟಿನ ತೀರ್ಮಾನಾನ ಆಯಾ ಪ್ರಾಂತ್ಯದ ಸಭೆಗೆ ಬಿಟ್ಟುಬಿಡ್ತು, ಅದಕ್ಕೆ ಮದ್ರಾಸಿಗೆ ಸೇರಿದ್ದ ಮಂಗಳೂರಿನ ಕಡೆ, ಬಾಂಬೆಗೆ ಸೇರಿದ್ದ ಧಾರವಾಡದ ಕಡೆ 1921ರಲ್ಲಿ ದಾರಿ ತೆರೀತು, ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯ 1923ರ ಕಾನೂನಲ್ಲಿ ಬಂತು. ಅದೂ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟೋರಿಗೆ ಮಾತ್ರ. ಒಂದೇ ಕನ್ನಡ ಮಾತಾಡೋ ಅಕ್ಕತಂಗಿಯರು, ಆದ್ರೆ ಯಾವ ಸರ್ಕಾರದ ಕೆಳಗಿದ್ರು ಅನ್ನೋದರ ಮೇಲೆ ದಿನಾಂಕ ಬೇರೆ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಕೌನ್ಸಿಲಿಗೆ ನಿಂತು ಸ್ವಲ್ಪದರಲ್ಲೇ ಸೋತ್ರಲ್ಲ, ಆ ಚುನಾವಣೆ ಆಗಿದ್ದೂ ಹೀಗೆ ಪ್ರಾಂತ್ಯದಲ್ಲಿ ತೆರೆದ ಬಾಗಿಲಿಂದಾನೇ.

ಇನ್ನು ಸಂಘಟನೆ. ಇಲ್ಲಿ ನಿಧಾನವಾಗಿ ಓದಿ, ಯಾಕಂದ್ರೆ ಎಲ್ಲರೂ ತಪ್ಪೋದು ಇಲ್ಲೇ.

ಶುರುವಿನ ಕ್ಯಾಂಪೇನುಗಳು ನಡೀತಿದ್ದಿದ್ದು ದೊಡ್ಡ ಭಾಷಣಗಾರ್ತಿಯರ ಮೇಲೆ. 1867ರಲ್ಲಿ ಕಾನ್ಸಸ್‌ನಲ್ಲಿ ಮೊದಲನೇ ಜನಮತ ಆದಾಗ ಸೂಸನ್ ಬಿ. ಆಂಟನಿ, ಎಲಿಜಬೆತ್ ಕೇಡಿ ಸ್ಟಾಂಟನ್ ಅಂಥವರು ಗಾಡಿಲಿ ಊರೂರು ಸುತ್ತಿದ್ರು, ಜನ ಬಂದು ಕೇಳಿದ್ರು, ಕೊನೆಗೆ ಬಂದಿದ್ದು 9 ಸಾವಿರ ಚಿಲ್ಲರೆ ವೋಟು, ವಿರುದ್ಧ ಬಿದ್ದಿದ್ದು ಅದರ ಎರಡರಷ್ಟು. ಭಾಷಣ ಮುಗಿದು ಗಾಡಿ ಮುಂದಿನ ಊರಿಗೆ ಹೋದ ಮೇಲೆ ಆ ಊರಲ್ಲಿ ಕೆಲಸ ಮುಂದುವರೆಸೋರು ಯಾರೂ ಇರ್ತಿರಲಿಲ್ಲ. ಕ್ಯಾಟ್ ನ್ಯೂಯಾರ್ಕಲ್ಲಿ ಇದನ್ನೇ ತಿದ್ದಿದ್ದು. ಅಲ್ಲಿನ ರಾಜಕೀಯ ಪಾರ್ಟಿಗಳು ಹೇಗೆ ಬೀದಿಬೀದಿಗೆ ಒಬ್ಬ ಆಳು ಇಟ್ಟಿದ್ವೋ ಅದೇ ಅಚ್ಚಲ್ಲಿ ಹೆಂಗಸರ ಸಂಘಟನೆ ಕಟ್ಟಿದ್ರು. 1909ರಲ್ಲಿ ನಗರದಲ್ಲಿ ವುಮನ್ ಸಫ್ರೇಜ್ ಪಾರ್ಟಿ ಶುರುವಾಯ್ತು, 1913ರ ಹೊತ್ತಿಗೆ ಇಡೀ ಸ್ಟೇಟನ್ನ 12 ಕ್ಯಾಂಪೇನ್ ಜಿಲ್ಲೆ ಮಾಡಿ, ಅದರ ಕೆಳಗೆ 150 ಅಸೆಂಬ್ಲಿ ಕ್ಷೇತ್ರ, ಅದರ ಕೆಳಗೆ 5 ಸಾವಿರಕ್ಕೂ ಹೆಚ್ಚು ಬೂತ್ ಮಟ್ಟದ ತುಂಡುಗಳು, ಪ್ರತಿ ತುಂಡಿಗೂ ಒಬ್ಬಳು ಕ್ಯಾಪ್ಟನ್ ಬೇಕು ಅನ್ನೋದು ಗುರಿ. ಕ್ಯಾಪ್ಟನ್ ಅಂದ್ರೆ ಅದೇ ಬೀದಿಯವಳು, ಯಾವ ಮನೆ ಮೂರನೇ ಮಹಡಿಲಿ ಯಾರಿದ್ದಾರೆ, ಯಾವ ಗಂಡಸು ಬೆಳಗ್ಗೆ ಸಿಗ್ತಾನೆ, ಯಾರು ಭಾನುವಾರ ಮಾತ್ರ ಅಂತ ಗೊತ್ತಿರೋಳು.

ನೀವೂ ಹಾಗೇ ಮಾಡಿ, ಮ್ಯಾಪ್ ತಗೊಂಡು ಕೂತು ಬೂತ್ ಬೂತ್ ಗುರುತು ಹಾಕಿ, ಖಾಲಿ ಇರೋ ಬೂತಿಗೆ ಖಾಲಿ ಅಂತಾನೇ ಬರೀರಿ, ಅಲ್ಲಿ ನಮ್ಮವರಿದ್ದಾರೆ ಅಂತ ಸುಮ್ಮನೆ ಸಮಾಧಾನ ಮಾಡ್ಕೋಬೇಡಿ. ನಾವು ವೋಟರ್ ಲಿಸ್ಟ್ ಕೆಲಸ ಮಾಡಿದಾಗ ಮೂರು ಬೀದಿಗೆ ಯಾರೂ ಹೋಗಿರಲಿಲ್ಲ, ಪಕ್ಕದವರು ಹೋಗಿರ್ತಾರೆ ಅಂತ ಎಲ್ಲರೂ ಅನ್ಕೊಂಡಿದ್ವಿ, ಲಿಸ್ಟಿಂದ ಹೆಸರು ಬಿಟ್ಟು ಹೋಗಿದ್ದ ಹೆಂಗಸರು ಹೆಚ್ಚು ಸಿಕ್ಕಿದ್ದು ಆ ಮೂರು ಬೀದಿಲೇ. ಮನೆಗೆ ಹೋದಾಗ ಮಾತಾಡಿದ್ದು ಮುಖ್ಯ, ಅದಕ್ಕಿಂತ ಮುಖ್ಯ ಬಾಗಿಲಿಂದ ಇಳಿದ ತಕ್ಷಣ ಬರೆದಿಡೋದು: ಹೂಂ ಅಂದ್ರಾ, ಊಹೂಂ ಅಂದ್ರಾ, ಯೋಚನೆ ಮಾಡ್ತೀನಿ ಅಂದ್ರಾ. ಯೋಚನೆ ಮಾಡ್ತೀನಿ ಅಂದ ಮನೆಗೇ ಮತ್ತೆ ಹೋಗ್ಬೇಕಾಗಿರೋದು, ಹೂಂ ಅಂದವರ ಮನೇಲಿ ಕಾಫಿ ಕುಡೀತಾ ಕೂತ್ರೆ ವೋಟು ಹೆಚ್ಚೋದಿಲ್ಲ.

ಊರಿನವರನ್ನ ಬಿಟ್ಟು ಹೊರಗಿಂದ ಬಂದು ಕ್ಯಾಂಪೇನ್ ನಡೆಸ್ಬೇಡಿ. ಆರಿಗನ್‌ನಲ್ಲಿ ಹೆಂಗಸರ ವೋಟು ಆರು ಸಲ ಜನಮತಕ್ಕೆ ಹೋಯ್ತು, 1884, 1900, 1906, 1908, 1910, 1912. 1906ರಲ್ಲಿ ಹೆಂಗಸರ ವೋಟಿನ ರಾಷ್ಟ್ರೀಯ ಸಂಘದವರೇ ಬಂದು ಮುಂದೆ ನಿಂತು ನಡೆಸಿದ್ರು, ಸೋತ್ರು. 1912ರಲ್ಲಿ ಪೋರ್ಟ್‌ಲ್ಯಾಂಡಲ್ಲೇ ಹತ್ತಾರು ಬೇರೆ ಬೇರೆ ಗುಂಪು, ಕಾಲೇಜಿನವರದ್ದೊಂದು, ಗಂಡಸರದ್ದೊಂದು, ಕಪ್ಪು ಹೆಂಗಸರದ್ದೊಂದು, ಚೀನೀ ಅಮೆರಿಕನ್ ಹೆಂಗಸರದ್ದೊಂದು, ತಂತಮ್ಮವರ ನಡುವೆ ತಾವೇ ಕೆಲಸ ಮಾಡಿದ್ರು, ಗೆದ್ರು. ನಲವತ್ತು ವರ್ಷ ಇದಕ್ಕೇ ಜೀವ ತೇಯ್ದ ಅಬಿಗೇಲ್ ಸ್ಕಾಟ್ ಡನಿವೇಗೆ ಆಗ 78 ವಯಸ್ಸು, ಗವರ್ನರ್ ಘೋಷಣಾಪತ್ರಾನ ಅವರ ಕೈಯಲ್ಲೇ ಬರೆಸಿದ್ರು. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಇಷ್ಟವಾದ ಗಳಿಗೆ ಅದು.

ಈಗ ದುಡ್ಡು.

ದುಡ್ಡಿಲ್ಲ ಅಂತ ಕೂತ್ಕೋಬೇಡಿ, ಕೊಲೊರಾಡೋದವರು 1893ರ ಕ್ಯಾಂಪೇನ್ ಶುರು ಮಾಡಿದಾಗ ಸಂಘದ ಡಬ್ಬಿಲಿ ಇದ್ದಿದ್ದು 25 ಡಾಲರ್. ಅವರು ಗೆದ್ರು, 6 ಸಾವಿರಕ್ಕೂ ಹೆಚ್ಚು ವೋಟಿನ ಅಂತರದಲ್ಲಿ, ಗಂಡಸರ ಜನಮತದಲ್ಲಿ ಗೆದ್ದ ಮೊದಲನೇ ಸ್ಟೇಟ್ ಅದು. ಆದ್ರೆ ಅದನ್ನೇ ಹಿಡ್ಕೊಂಡು ದುಡ್ಡು ಬೇಡ ಅಂತಾನೂ ಅನ್ಕೋಬೇಡಿ, ಅಲ್ಲಿ ಆಗ ರೈತರ, ಕಾರ್ಮಿಕರ ಪಾರ್ಟಿ ಅಲೆ ಇತ್ತು, ಅದು ಎಲ್ಲ ಕಡೆ ಸಿಗಲ್ಲ. ನ್ಯೂಯಾರ್ಕಂಥ ದೊಡ್ಡ ಸ್ಟೇಟಲ್ಲಿ ಆಫೀಸ್ ಬಾಡಿಗೆ, ಪ್ರಿಂಟಿಂಗ್, ರೈಲು ಚಾರ್ಜು, ಪೂರ್ತಿ ಹೊತ್ತು ಕೆಲಸ ಮಾಡೋರ ಸಂಬಳ ಅಂತ ಲಕ್ಷಗಟ್ಟಲೆ ಡಾಲರ್ ಬೇಕಾಯ್ತು. ಸಂಬಳದ ವಿಷಯಕ್ಕೆ ನಾಚ್ಕೋಬೇಡಿ, ವಾಷಿಂಗ್ಟನ್ ಸ್ಟೇಟಲ್ಲಿ ಎಮ್ಮಾ ಸ್ಮಿತ್ ಡಿವೋ ಸಂಬಳ ತಗೊಂಡೇ ಸಂಘಟನೆ ಮಾಡಿದ್ರು, 1910ರಲ್ಲಿ ಹತ್ತಿರಹತ್ತಿರ ಎರಡಕ್ಕೆ ಒಂದರ ಲೆಕ್ಕದಲ್ಲಿ ಗೆದ್ರು. ಬರೀ ಸ್ವಯಂಸೇವಕಿಯರಿಂದಲೇ ನಡೆಸ್ತೀನಿ ಅಂದ್ರೆ ಕೊನೆಗೆ ಉಳಿಯೋದು ಮನೇಲಿ ಅನುಕೂಲ ಇರೋರು ಮಾತ್ರ, ದುಡಿಯೋ ಹೆಂಗಸು ಬರೋಕಾಗಲ್ಲ.

ದುಡ್ಡು ಎರಡು ಕಡೆಯಿಂದ ಬರತ್ತೆ ಅಂತ ಇಟ್ಕೊಳ್ಳಿ, ಎರಡನ್ನೂ ಬೇರೆಬೇರೆ ಡಬ್ಬಿಲಿ ಇಡಿ. ಒಂದು ಚಿಲ್ಲರೆ ದುಡ್ಡು. ಬಜಾರ್ ಹಾಕಿ ಕೈಕೆಲಸ ಮಾರಿದ್ರು, ಅಡುಗೆ ಪುಸ್ತಕ ಪ್ರಿಂಟ್ ಮಾಡಿ ಮಾರಿದ್ರು, ಕ್ಯಾಲಿಫೋರ್ನಿಯಾದಲ್ಲಿ ಈಕ್ವಾಲಿಟಿ ಟೀ ಅಂತ ಟೀ ಪುಡಿ ಪೊಟ್ಟಣಾನೇ ಮಾರಿದ್ರು, ಬಟನ್, ಬಾವುಟ, ಪೋಸ್ಟ್‌ಕಾರ್ಡ್ ಮಾರಿದ್ರು. ಇದರಿಂದ ಬರೋ ಮೊತ್ತ ದೊಡ್ಡದಲ್ಲ, ಆದ್ರೆ ಆ ಟೀ ಪೊಟ್ಟಣ ಹೋದ ಮನೇಲೆಲ್ಲ ಒಂದು ಮಾತು ಶುರುವಾಗತ್ತೆ, ಹತ್ತು ಸೆಂಟ್ ಕೊಟ್ಟವಳಿಗೆ ಇದು ನನ್ನ ಕ್ಯಾಂಪೇನು ಅನ್ನಿಸತ್ತೆ. ಸಭೆಲಿ ಸೆರಗೊಡ್ಡಿ ಕೇಳಿದ ದುಡ್ಡಿಗೂ ರಸೀದಿ ಕೊಡಿ, ಎಷ್ಟೇ ಸಣ್ಣದಾದ್ರೂ.

ಇನ್ನೊಂದು ದೊಡ್ಡ ದುಡ್ಡು. ಇದನ್ನ ಕೇಳೋಕೆ ಹೆಂಗಸರು ಹಿಂಜರೀತೀವಿ, ಗುಡಿಗೆ, ಮದುವೆಗೆ ಕೇಳ್ತೀವಿ, ನಮ್ಮದೇ ಹಕ್ಕಿಗೆ ಕೇಳೋಕಾಗಲ್ಲ. ಅವರು ಕೇಳಿದ್ರು, ಅದೂ ಇಷ್ಟು ಬೇಕು ಅಂತ ಮೊತ್ತ ಹೇಳಿ. 1906ರಲ್ಲಿ ವಯಸ್ಸಾಗಿದ್ದ ಆಂಟನಿಗೋಸ್ಕರ ಮೇರಿ ಗ್ಯಾರೆಟ್, ಎಂ. ಕೇರಿ ಥಾಮಸ್ ಇಬ್ಬರೂ ಸೇರಿ ವರ್ಷಕ್ಕೆ 12 ಸಾವಿರದ ಹಾಗೆ ಐದು ವರ್ಷಕ್ಕೆ 60 ಸಾವಿರ ಡಾಲರ್ ಒಟ್ಟು ಮಾಡೋ ಮಾತು ಕೊಟ್ರು. ನೋಡಿ, ಒಂದೇ ಸಲದ ದೇಣಿಗೆ ಅಲ್ಲ, ಐದು ವರ್ಷದ ಮಾತು, ಅದರ ಮೇಲೆ ಪ್ಲಾನ್ ಮಾಡ್ಬಹುದು. 1915ರಲ್ಲಿ ಲೂಯಿಸೀನ್ ಹ್ಯಾವ್‌ಮೇಯರ್ ತಮ್ಮ ಸಂಗ್ರಹದ ಚಿತ್ರಗಳನ್ನೂ ಸೇರಿಸಿ ನ್ಯೂಯಾರ್ಕಲ್ಲಿ ಪ್ರದರ್ಶನ ಇಟ್ಟು, ಟಿಕೆಟ್ ದುಡ್ಡು ವೋಟಿನ ಹೋರಾಟಕ್ಕೆ ಕೊಟ್ರು. ಪತ್ರಿಕೆ ನಡೆಸ್ತಿದ್ದ ಮಿರಿಯಂ ಲೆಸ್ಲಿ 1914ರಲ್ಲಿ ತೀರ್ಕೊಂಡಾಗ ಸುಮಾರು 20 ಲಕ್ಷ ಡಾಲರ್ ಆಸ್ತಿನ ಕ್ಯಾಟ್ ಹೆಸರಿಗೆ, ಈ ಕೆಲಸಕ್ಕೇ ಅಂತ ಬರೆದಿಟ್ಟಿದ್ರು. ಸಂಬಂಧಿಕರು ಕೋರ್ಟಿಗೆ ಹೋದ್ರು, ಲಾಯರ್ ಖರ್ಚು, ರಾಜಿ ಎಲ್ಲ ಕಳೆದು ಕೈಗೆ ಬಂದಿದ್ದು 10 ಲಕ್ಷಕ್ಕಿಂತ ಸ್ವಲ್ಪ ಕಮ್ಮಿ, ಅದೂ 1917ರಿಂದ ಬರೋಕೆ ಶುರುವಾಗಿದ್ದು. ಹಾಗಾಗಿ ಬರುತ್ತೆ ಅಂತ ಯಾರೋ ಹೇಳಿದ ದುಡ್ಡನ್ನ ಬಂದ ದುಡ್ಡು ಅಂತ ಲೆಕ್ಕಕ್ಕೆ ಸೇರಿಸ್ಬೇಡಿ. ಸಾಲ ಮಾಡಿ ನಡೆಸೋದಂತೂ ಬೇಡವೇ ಬೇಡ, ಆಂಟನಿ ತಮ್ಮ ಪತ್ರಿಕೆ ನಿಂತ ಮೇಲೆ ಉಳಿದ 10 ಸಾವಿರ ಡಾಲರ್ ಸಾಲಾನ ಊರೂರು ಭಾಷಣ ಮಾಡಿ ತೀರಿಸೋಕೆ ವರ್ಷಗಟ್ಟಲೆ ಹಿಡೀತು.

ಬಂದ ದುಡ್ಡಲ್ಲಿ ಮೊದಲು ಜನರಿಗೆ, ಆಮೇಲೆ ಕಾಗದಕ್ಕೆ, ಕೊನೆಗೆ ಆಡಂಬರಕ್ಕೆ ಖರ್ಚು ಮಾಡಿ ಅಂತ ನನ್ನ ಅಭಿಪ್ರಾಯ. ಆದ್ರೆ ಆಡಂಬರ ಅಂತ ಕಾಣೋದೆಲ್ಲ ದಂಡ ಅಲ್ಲ. ಪೆನ್ಸಿಲ್ವೇನಿಯಾದಲ್ಲಿ 1915ರಲ್ಲಿ ಒಬ್ಬ ಹೆಂಗಸು ದುಡ್ಡು ಕೊಟ್ಟು ದೊಡ್ಡದೊಂದು ಗಂಟೆ ಮಾಡಿಸಿದ್ರು, ನಾಲಗೆಗೆ ಸರಪಳಿ ಹಾಕಿ, ಹೆಂಗಸರಿಗೆ ವೋಟು ಬರೋವರೆಗೂ ಇದು ಬಾರಿಸಲ್ಲ ಅಂತ ಹೇಳಿ, ಲಾರಿಲಿ ಇಟ್ಟು ಸ್ಟೇಟಿನ 67 ಕೌಂಟಿಗೂ ಸುತ್ತಿಸಿದ್ರು. ಆ ವರ್ಷ ಸೋತ್ರು, ಆದ್ರೆ ಪೇಪರ್ ತಲುಪದ ಹಳ್ಳಿಗೂ ವಿಷಯ ತಲುಪ್ತು.

ಎದುರಾಳಿ ಯಾರು ಅಂತ ಸರಿಯಾಗಿ ಗುರುತಿಸಿ. ಹೆಂಗಸರಿಗೆ ವೋಟು ಬಂದ್ರೆ ಪಾನನಿಷೇಧ ಬರತ್ತೆ ಅಂತ ಹೆಂಡದ ವ್ಯಾಪಾರಿಗಳಿಗೆ ಭಯ, ದುಡ್ಡು ಅವರ ಹತ್ರ ಧಾರಾಳವಾಗಿತ್ತು. 1896ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಂಟನಿ ಇದನ್ನ ಮೊದಲೇ ಊಹಿಸಿ, ಪಾನನಿಷೇಧ ಚಳವಳಿಯ ಹೆಂಗಸರಿಗೆ ಈ ವರ್ಷ ನಿಮ್ಮ ರಾಷ್ಟ್ರೀಯ ಸಮಾವೇಶ ಇಲ್ಲಿ ಇಡ್ಬೇಡಿ ಅಂತ ಕೇಳ್ಕೊಂಡ್ರು, ಅವರು ಒಪ್ಪಿ ಬೇರೆ ಊರಿಗೆ ಸಾಗಿಸಿದ್ರು. ಆದ್ರೂ ವ್ಯಾಪಾರಿಗಳು ಚುನಾವಣೆ ಹತ್ರ ಬಂದಾಗ ಅಂಗಡಿ ಅಂಗಡಿಗೆ ಪತ್ರ ಕಳಿಸಿ, 26 ಸಾವಿರ ಚಿಲ್ಲರೆ ವೋಟಲ್ಲಿ ಸೋಲಿಸಿದ್ರು, ಆ ಅಂತರದ ಬಹುಪಾಲು ಬಂದಿದ್ದು ಸ್ಯಾನ್ ಫ್ರಾನ್ಸಿಸ್ಕೋ ಮತ್ತೆ ಅದರ ಎದುರು ದಡದ ಕೌಂಟಿಯಿಂದ.

ಹದಿನೈದು ವರ್ಷ ಬಿಟ್ಟು 1911ರಲ್ಲಿ ಅದೇ ಸ್ಟೇಟಲ್ಲಿ ಏನು ಬದಲಾಯಿಸಿದ್ರು ನೋಡಿ. ನಗರದಲ್ಲಿ ಗೆಲ್ತೀವಿ ಅಂತ ನಂಬ್ಕೊಂಡು ಕೂರಲಿಲ್ಲ, ಅಲ್ಲಿ ಸೋಲಿನ ಅಂತರ ಕಮ್ಮಿ ಮಾಡೋದು, ಹಳ್ಳಿಲಿ ಗೆಲ್ಲೋದು ಅಂತ ಹೊರಟ್ರು. ಕಾರಲ್ಲಿ ಹಳ್ಳಿ ಹಳ್ಳಿ ಸುತ್ತಿ ಕಾರಿನ ಮೇಲೇ ನಿಂತು ಮಾತಾಡಿದ್ರು, ಇಟಾಲಿಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಶ್‌ನಲ್ಲೂ ಕರಪತ್ರ ಹಂಚಿದ್ರು, ಅವರವರ ಭಾಷೆಲೇ ಕೇಳಿದ್ರೆ ತಾನೆ ಮನಸ್ಸಿಗೆ ಇಳಿಯೋದು. ಅಕ್ಟೋಬರ್ 10ಕ್ಕೆ ವೋಟಾಯ್ತು. ಮಾರನೇ ದಿನ ನಗರದ ಪೇಪರುಗಳು ಸೋತ್ರು ಅಂತ ಬರೆದ್ವು. ಆದ್ರೆ ಇವರು ಬೂತ್ ಬೂತಲ್ಲೂ ತಮ್ಮವರನ್ನ ಕಾವಲು ನಿಲ್ಲಿಸಿದ್ರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೋಟಿನ ಕಾಗದ ಇಟ್ಟ ಕಡೆ ದುಡ್ಡು ಕೊಟ್ಟು ಡಿಟೆಕ್ಟಿವ್‌ಗಳನ್ನ ನಿಲ್ಲಿಸಿದ್ರು, ಹಳ್ಳಿಗಳ ಎಣಿಕೆ ನಿಧಾನವಾಗಿ ಬರ್ತಾ ಬರ್ತಾ ಕೊನೆಗೆ 3,587 ವೋಟಲ್ಲಿ ಗೆದ್ರು. ಲೆಕ್ಕ ಹಾಕಿದ್ರೆ ಬೂತಿಗೆ ಸುಮಾರು ಒಂದು ವೋಟು. ನನ್ನ ಬೀದಿಲಿ ಒಂದು ಮನೆ ಬಿಟ್ರೆ ಏನಾಗತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಈ ನಂಬರ್ ಹೇಳ್ತೀನಿ. ಬಜೆಟ್ ಮಾಡುವಾಗ ಎಣಿಕೆ ದಿನದ ಕಾವಲಿಗೆ ಅಂತ ದುಡ್ಡು ಮೊದಲೇ ಎತ್ತಿಡಿ, ಏನೇ ಆದ್ರೂ ಅದನ್ನ ಮುಟ್ಬೇಡಿ. ಮಿಶಿಗನ್‌ನಲ್ಲಿ 1912ರಲ್ಲಿ 760 ವೋಟಲ್ಲಿ ಸೋತ್ರು, ಎಣಿಕೆಲಿ ಮೋಸ ಆಗಿದೆ ಅನ್ನೋ ದೂರು ಎದ್ದಿತ್ತು, ಆ ನೋವಲ್ಲೇ ಮುಂದಿನ ವರ್ಷವೇ ಮತ್ತೆ ಜನಮತಕ್ಕೆ ಹೋದ್ರು, ಈ ಸಲ ತೊಂಬತ್ತು ಸಾವಿರಕ್ಕೂ ಹೆಚ್ಚು ವೋಟಲ್ಲಿ ಸೋತ್ರು.

ಹಾಗಂತ ಸೋತ ಮೇಲೆ ಸುಮ್ಮನೆ ಕೂರೋದೂ ಅಲ್ಲ. 1915ರಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್ ನಾಲ್ಕೂ ಸೋತ್ವು. ನ್ಯೂಯಾರ್ಕಲ್ಲಿ ಸುಮಾರು ಐದೂವರೆ ಲಕ್ಷ ಪರ, ಏಳೂವರೆ ಲಕ್ಷದ ಹತ್ರ ವಿರುದ್ಧ. ಎರಡು ದಿನ ಬಿಟ್ಟು ಕೂಪರ್ ಯೂನಿಯನ್ ಹಾಲಲ್ಲಿ ಸಭೆ ಕರೆದ್ರು, ಅಲ್ಲೇ ಮುಂದಿನ ಕ್ಯಾಂಪೇನಿಗೆ ಒಂದು ಲಕ್ಷ ಡಾಲರ್ ಕೊಡ್ತೀವಿ ಅಂತ ಜನ ಮಾತು ಕೊಟ್ರು. ದುಃಖ ಹಸಿಯಾಗಿರುವಾಗಲೇ ಕೇಳ್ಬೇಕು, ತಿಂಗಳು ಬಿಟ್ಟು ಕೇಳಿದ್ರೆ ಎಲ್ಲರೂ ಮನೆಗೆಲಸಕ್ಕೆ ವಾಪಸ್ ಹೋಗಿರ್ತಾರೆ. ಆಮೇಲೆ ಮತ್ತೆ ಮನೆಮನೆ. ಹೆಂಗಸರಿಗೇ ವೋಟು ಬೇಡ ಅಂತ ವಿರೋಧಿಗಳು ಹೇಳ್ತಾ ಇದ್ರಲ್ಲ, ಅದಕ್ಕೆ ಉತ್ತರವಾಗಿ ಸ್ಟೇಟಿನ 10 ಲಕ್ಷಕ್ಕೂ ಹೆಚ್ಚು ಹೆಂಗಸರ ಸಹಿ ತಗೊಂಡು, 1917ರ ಅಕ್ಟೋಬರಲ್ಲಿ ಆ ಸಹಿಗಳನ್ನ ಬೋರ್ಡಿಗೆ ಅಂಟಿಸಿ ಫಿಫ್ತ್ ಅವೆನ್ಯೂಲಿ ಮೆರವಣಿಗೆಲಿ ಹೊತ್ಕೊಂಡು ಹೋದ್ರು. ನಗರ ಹಿಡಿತದಲ್ಲಿಟ್ಟಿದ್ದ ಟ್ಯಾಮನಿ ಹಾಲ್ ಅನ್ನೋ ರಾಜಕೀಯ ಗುಂಪಿನವರು ಈ ಸಲ ವಿರೋಧ ಮಾಡದೆ ದೂರ ನಿಂತ್ರು. ನವೆಂಬರ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆಲುವು, ಆ ಅಂತರ ಪೂರ್ತಿ ಕೊಟ್ಟಿದ್ದು ನ್ಯೂಯಾರ್ಕ್ ನಗರ.

ಒಂದು ವಿಷಯ ಮುಚ್ಚಿಡದೆ ಹೇಳ್ಬೇಕು. ದಕ್ಷಿಣದ ಸ್ಟೇಟುಗಳ ಬೆಂಬಲ ಕಳ್ಕೊಳ್ಳೋ ಭಯಕ್ಕೆ ಈ ಸಂಘಟನೆಗಳು ಕಪ್ಪು ಹೆಂಗಸರನ್ನ ಎಷ್ಟೋ ಸಲ ಹೊರಗಿಟ್ವು. 1913ರ ವಾಷಿಂಗ್ಟನ್ ಮೆರವಣಿಗೆಲಿ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್‌ಗೆ ಹಿಂದೆ ಹೋಗಿ ನಡೀರಿ ಅಂದ್ರು, ಅವರು ಒಪ್ಪದೆ ಇಲಿನಾಯ್ ಸಾಲಿನ ಜೊತೆಗೇ ನಡೆದ್ರು. ಅದೇ ವರ್ಷ ಶಿಕಾಗೋದಲ್ಲಿ ಆಲ್ಫಾ ಸಫ್ರೇಜ್ ಕ್ಲಬ್ ಕಟ್ಟಿ, ಬೀದಿಬೀದಿ ತಿರುಗಿ ಕಪ್ಪು ಹೆಂಗಸರ ಹೆಸರು ನೋಂದಾಯಿಸಿ, 1915ರಲ್ಲಿ ನಗರದ ಮೊದಲ ಕಪ್ಪು ಆಲ್ಡರ್‌ಮನ್ (ನಗರಸಭೆ ಸದಸ್ಯ) ಆಸ್ಕರ್ ಡಿ ಪ್ರೀಸ್ಟ್ ಗೆಲ್ಲೋಕೆ ಕಾರಣರಾದ್ರು. 1920ರಲ್ಲಿ ದೇಶದ ಸಂವಿಧಾನಕ್ಕೇ ತಿದ್ದುಪಡಿ ಬಂದು ಎಲ್ಲ ಸ್ಟೇಟಲ್ಲೂ ಹೆಂಗಸರಿಗೆ ವೋಟು ಅಂತ ಆದ ಮೇಲೂ ದಕ್ಷಿಣದಲ್ಲಿ ಹೆಚ್ಚಿನ ಕಪ್ಪು ಹೆಂಗಸರಿಗೆ ನಿಜವಾಗಿ ವೋಟು ಸಿಗೋಕೆ 1965ರ ವೋಟಿನ ಹಕ್ಕಿನ ಕಾನೂನು ಬರ್ಬೇಕಾಯ್ತು. ನಿಮ್ಮ ಕಮಿಟಿಲಿ ಕೂತಿರೋರ ಹೆಸರು ಬರೆದು ನೋಡಿ, ಯಾವ ಕೇರಿಯವರು ಒಬ್ಬರೂ ಇಲ್ಲ ಅಂತ ಅಲ್ಲೇ ಕಾಣತ್ತೆ, ಕ್ಯಾಂಪೇನ್ ಶುರು ಮಾಡೋ ಮೊದಲೇ ಆ ಕೇರಿಗೆ ಹೋಗಿ, ಕೆಲಸಕ್ಕೆ ಕರೆಯೋಕಲ್ಲ, ತೀರ್ಮಾನಕ್ಕೆ ಕರೆಯೋಕೆ.

ಗೆದ್ದ ಮೇಲೆ ಆಫೀಸ್ ಖಾಲಿ ಮಾಡೋ ಗಡಿಬಿಡಿಲಿ ಮನೆಮನೆ ತಿರುಗಿ ಬರೆದಿಟ್ಟ ಕಾರ್ಡುಗಳನ್ನ ರದ್ದಿಗೆ ಹಾಕ್ಬೇಡಿ. ಕ್ಯಾಟ್ ಮತ್ತೆ ಜೊತೆಯವರು ಅದೇ ಜಾಲ ಉಳಿಸ್ಕೊಂಡು 1920ರಲ್ಲಿ ಲೀಗ್ ಆಫ್ ವುಮನ್ ವೋಟರ್ಸ್ ಕಟ್ಟಿದ್ರು, ಹೊಸದಾಗಿ ವೋಟು ಬಂದ ಹೆಂಗಸರಿಗೆ ಹೆಸರು ನೋಂದಾಯಿಸೋದು ಹೇಗೆ, ಬ್ಯಾಲೆಟ್ ಮೇಲೆ ಗುರುತು ಹಾಕೋದು ಹೇಗೆ ಅಂತ ಹೇಳ್ಕೊಡೋಕೆ. ದುಡ್ಡು ಕೊಟ್ಟ ಪ್ರತಿಯೊಬ್ಬರಿಗೂ, ಹತ್ತು ರೂಪಾಯಿ ಕೊಟ್ಟವರಿಗೂ, ತಿಂಗಳೊಳಗೆ ಖರ್ಚಿನ ಲೆಕ್ಕ ಕಳಿಸಿ, ಉಳಿದ ದುಡ್ಡು ಎಷ್ಟು, ಎಲ್ಲಿಟ್ಟಿದ್ದೀವಿ ಅಂತ ಬರೀರಿ, ಆಮೇಲೆ ಕ್ಯಾಪ್ಟನ್‌ಗಳನ್ನ ಕೂರಿಸಿ ಪ್ರತಿ ಬೂತಲ್ಲಿ ವೋಟರ್ ಲಿಸ್ಟಿಗೆ ಇನ್ನೂ ಸೇರದ ಹೆಂಗಸರು ಎಷ್ಟು ಜನ ಅಂತ ಹೊಸ ಲಿಸ್ಟ್ ಶುರು ಮಾಡಿ.